ಮುಚ್ಚಿದ ಕಣ್ಣಿನ ಅಂಕ

“ನಿದ್ದಿ ಮಾಡ್ಯಾಳ್ರಿ ಅಕ್ಕೋರ ನಿಮ್ಮ ಹುಡುಗಿ! ಪರೀಕ್ಷಾದಾಗ, ಓಡೂ ಮೋಟರಿನ ಮುಂದ ನಿಂತ್ಕೊಂಡು, ಘನಾ ನಿದ್ದಿ!”

ದ್ಯಾಮಣ್ಣ ನಗುತ್ತಲೇ ಕಾಗದವನ್ನು ಕಿಟಕಿಯಿಂದಾಚೆ ಚಾಚಿದ. ಗದಗಿನ ಉದ್ಯೋಗ ಮಾಪನ ಕೇಂದ್ರದಲ್ಲಿ ಅವನು ಸಹಾಯಕ. ಅಭ್ಯರ್ಥಿಗಳ ಹಣೆಗೆ ಪಟ್ಟಿ ಕಟ್ಟುವುದು, ಪರೀಕ್ಷೆ ಮುಗಿದ ಮೇಲೆ ಬಿಚ್ಚುವುದು, ಅಳುತ್ತ ಹೊರಬಂದವರಿಗೆ ನೀರು ಕೊಡುವುದು ಅವನ ಕೆಲಸ. ಕೊನೆಯದನ್ನು ಯಾರೂ ವಹಿಸಿರಲಿಲ್ಲ, ತಾನಾಗಿಯೇ ಹಚ್ಚಿಕೊಂಡದ್ದು.

ಕಳಕವ್ವ ಕನ್ನಡಕ ಏರಿಸಿಕೊಂಡು ಓದಿದಳು. “ಅಭ್ಯರ್ಥಿ: ದಾವಲಬಿ ನದಾಫ. ಎರಡನೆಯ ಪ್ರಯತ್ನ. ಕಣ್ಣು ಮುಚ್ಚಿದ ಅವಧಿ: ನಲವತ್ತೊಂದು ಸೆಕೆಂಡು. ಷರಾ: ಗಮನ ಶೂನ್ಯ. ಅಂಕ: ಮೂವತ್ತೆಂಟು.”

ಮೊದಲಿಗೆ ಅವಳಿಗೂ ನಗು ಬಂತು. ದಾವಲಬಿ ನಿದ್ದೆ ಮಾಡುವ ಪೈಕಿಯೇ? ಪಕ್ಕದಲ್ಲಿ ಕೂತವರಿಗೂ ತೂಕಡಿಸಲು ಬಿಡದಷ್ಟು ಮಾತಾಡುವ ಹುಡುಗಿ ಅದು. ಎರಡನೆಯ ಸಲ ಓದಿದಾಗ ನಗು ಅಡಗಿತು.

“ದ್ಯಾಮಣ್ಣ, ನಮ್ಮ ಕಾಲೇಜಿನ ಬ್ಯಾರೆ ಹುಡುಗರದ್ದೂ ಹಿಂಗ ಬಂದೈತೇನೋ?”

“ಎಲ್ಲಾರ್ದೂ ಹಂಗ ಐತ್ರಿ. ನಿಮ್ಮ ಹಾಸ್ಟೆಲ್ಲಿನಾಗ ಸೊಳ್ಳಿ ಭಾಳ ಇರಬೇಕು ಅನ್ಕೊಂಡಿದ್ದೆ ನಾ.”

ಕಳಕವ್ವ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು. ಆ ನಲವತ್ತೊಂದು ಸೆಕೆಂಡು ಆ ಹುಡುಗಿ ಏನು ಮಾಡುತ್ತಿದ್ದಳೆಂದು ಭೂಮಿಯ ಮೇಲೆ ಬೇರೆ ಯಾರಿಗೂ ಗೊತ್ತಿರದಿದ್ದರೂ ಅವಳಿಗೆ ಗೊತ್ತಿತ್ತು. ಕಲಿಸಿದವಳೇ ಅವಳಲ್ಲವೆ?

ಕಳಕವ್ವ ಮುಂಡರಗಿ ರಸ್ತೆಯ ಸರ್ಕಾರಿ ತಾಂತ್ರಿಕ ಕಾಲೇಜಿನಲ್ಲಿ ವಿದ್ಯುತ್ ಪ್ರಯೋಗಾಲಯದ ಬೋಧಕಿ. ಓದಿದ್ದು ಐಟಿಐ. ಇಪ್ಪತ್ತೇಳು ವರ್ಷ ಅಲ್ಲೇ ಸವೆದಿದ್ದರೂ ಪ್ರಾಧ್ಯಾಪಕರ ಬಾಯಲ್ಲಿ ಇನ್ನೂ “ಲ್ಯಾಬಿನಾಕಿ.” ಅವಳ ಪ್ರಯೋಗಾಲಯದಲ್ಲಿ ಐದು ಮೋಟರುಗಳಿದ್ದವು, ನಂಬಬಹುದಾದ ಮೀಟರು ಒಂದೇ ಒಂದು, ತರಗತಿಗೆ ಅರವತ್ತೆರಡು ಮಕ್ಕಳು. ಮೀಟರು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. ಅದಕ್ಕೇ ಅವಳೊಂದು ಕಟ್ಟಳೆ ಮಾಡಿದ್ದಳು. ಮೊದಲು ರೋಗ ಹೇಳಬೇಕು, ಆಮೇಲೆ ಮೀಟರು ಕೇಳಬೇಕು. ಹೇಳಿದ್ದು ತಪ್ಪಾದರೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಹಾಗಾಗಿ ಮಕ್ಕಳು ಮೋಟರಿನ ಮೈಗೆ ಮೊಣಕೈ ಊರಿ, ಅಂಗೈಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುವುದನ್ನು ಕಲಿತರು. ಮೂಳೆಯೊಳಗಿಂದ ಸದ್ದು ನೇರವಾಗಿ ಬರುತ್ತದೆ. ಬೇರಿಂಗ್ ಒಣಗಿದ್ದರೆ ಒಂದು ದನಿ, ಮೂರು ಎಳೆಗಳಲ್ಲಿ ಒಂದು ಎಳೆಯ ಕರೆಂಟು ಸೊರಗಿದ್ದರೆ ಇನ್ನೊಂದು ದನಿ. ಕಣ್ಣು ತೆರೆದಿದ್ದರೆ ಕಿವಿ ಸೋಮಾರಿಯಾಗುತ್ತದೆ ಎನ್ನುವುದು ಕಳಕವ್ವನ ಅನುಭವ.

ಇನ್ನು ಆ ಯಂತ್ರದ ಸಂಗತಿ. ಅದರ ಹೆಸರು ಜಾಡುಗನ್ನಡಿ. ಹಣೆಗೆ ಕಟ್ಟುವ ಪಟ್ಟಿಯಲ್ಲಿ ಎರಡು ಸಣ್ಣ ಕ್ಯಾಮೆರಾಗಳು ಕಣ್ಣನ್ನು ನೋಡುತ್ತವೆ, ಕೈಗವಸಿನ ಎಳೆಗಳು ಬೆರಳನ್ನು ಹಿಂಬಾಲಿಸುತ್ತವೆ. ಕೆಟ್ಟ ಯಂತ್ರವೊಂದರ ಮುಂದೆ ನಿಲ್ಲಿಸಿದರೆ, ತೊಂದರೆಯಿಂದ ಉತ್ತರದವರೆಗೆ ಆ ಮನುಷ್ಯನ ಬುದ್ಧಿ ಯಾವ ದಾರಿಯಲ್ಲಿ ನಡೆಯಿತೆಂದು ಗೆರೆ ಎಳೆದು, ಆ ಗೆರೆಯನ್ನು ನಿಪುಣರ ಗೆರೆಯ ಪಕ್ಕದಲ್ಲಿಟ್ಟು ಅಂಕ ಕೊಡುತ್ತದೆ. ಎಂಟು ವರ್ಷದ ಹಿಂದೆ ಅದು ಬಂದಾಗ ಊರೂರಲ್ಲಿ ಪೇಢೆ ಹಂಚಿದ್ದರು. ಅದಕ್ಕೆ ಮುಂಚೆ ಅರ್ಜಿಯಲ್ಲಿ ‘ರಾಷ್ಟ್ರೀಯ ತಂತ್ರವಿದ್ಯಾ ಪೀಠ’ ಎಂಬ ಹೆಸರಿದ್ದರೆ ಕುರ್ಚಿ ಎಳೆದು ಕೂರಿಸುತ್ತಿದ್ದರು, ಜಿಲ್ಲಾ ಕಾಲೇಜಿನ ಹೆಸರಿದ್ದರೆ ಲಕೋಟೆಯನ್ನೇ ಒಡೆಯುತ್ತಿರಲಿಲ್ಲ. ಹೊಸ ಕಾನೂನು ಬಂತು: ಅರ್ಜಿಯಲ್ಲಿ ಕಾಲೇಜಿನ ಹೆಸರೇ ಇರಕೂಡದು, ಜಾಡುಗನ್ನಡಿಯ ಅಂಕವೊಂದೇ ಸಾಕು.

ಆದರೆ ಫಲಿತಾಂಶ ಬಂದಾಗ ಪೀಠದವರು ಎಂಬತ್ತರ ಮೇಲೆ, ಜಿಲ್ಲೆಯವರು ನಲವತ್ತರ ಕೆಳಗೆ. ಮೊದಲಾದರೆ ‘ನಮ್ಮನ್ನ ಯಾರೂ ನೋಡ್ಲೇ ಇಲ್ಲ’ ಎಂದು ಬೈದುಕೊಂಡಾದರೂ ಸಮಾಧಾನವಿತ್ತು. ಈಗ ಬಾಗಿಲು ತೆರೆದು, ಒಳಗೆ ಕರೆದು, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ‘ನಿನಗೆ ಬರುವುದಿಲ್ಲ’ ಎಂದು ಯಂತ್ರವೇ ಹೇಳಿ ಕಳಿಸುತ್ತಿತ್ತು. ಯಂತ್ರದ ಮೇಲೆ ಸಿಟ್ಟು ಮಾಡುವುದು ಹೇಗೆ? ಮಕ್ಕಳು ತಮ್ಮ ಮೇಲೇ ಸಿಟ್ಟಾದರು. ಕಾರಣ ಮಾತ್ರ ಯಾರಿಗೂ ತಿಳಿಯಲಿಲ್ಲ, ಏಕೆಂದರೆ ಕೇಂದ್ರದವರು ಬರಿಯ ಅಂಕ ಕೊಡುತ್ತಿದ್ದರು, ವಿವರ ಕೊಡುತ್ತಿರಲಿಲ್ಲ. ಕಳಕವ್ವ ಬಿಡದೆ ಮೂರು ಅರ್ಜಿ ಬರೆದ ಮೇಲೆ ಈ ಒಂದು ಹಾಳೆ ಕೈಗೆ ಬಂದಿತ್ತು.

ಒಬ್ಬರಿಗೆ ಜೀವಮಾನದಲ್ಲಿ ಮೂರೇ ಪ್ರಯತ್ನ. ದಾವಲಬಿಯ ಮೂರನೆಯದಕ್ಕೆ ಇನ್ನು ಹನ್ನೆರಡು ದಿನ ಉಳಿದಿತ್ತು. ಹೊಳೆದಂಡೆಯ ಪಂಪ್‌ಹೌಸಿನ ನಿಯಂತ್ರಣ ಕೊಠಡಿಯಲ್ಲಿ ಎಂಜಿನಿಯರ್ ಹುದ್ದೆ ಖಾಲಿ ಇತ್ತು, ಅದಕ್ಕೆ ಅರವತ್ತು ಅಂಕ ಬೇಕಿತ್ತು.

ಅವತ್ತು ಸಂಜೆ ಕಳಕವ್ವ ದಾವಲಬಿಯ ಮನೆಗೆ ಹೋದಾಗ ತಾಯಿ ಮಾಬುಬಿ ಅಂಗಳದಲ್ಲಿ ಗಾದಿಗೆ ಹತ್ತಿ ತುಂಬುತ್ತಿದ್ದಳು. ಮೂಗು, ಹುಬ್ಬು ಎಲ್ಲ ಹತ್ತಿ.

“ಬರ್ರಿ ಅಕ್ಕೋರ. ಕುಂದರ್ರಿ, ಹೊಸಾ ಗಾದಿ ಐತಿ, ಇನ್ನೂ ಯಾರೂ ಮಲಗಿಲ್ಲ. ನಮ್ಮ ಮನಿಯಾಗ ಮಲಗಾಕಿ ಒಬ್ಬಾಕಿ ಅದಾಳಲ್ಲ, ಆಕಿ ನಿಂತಲ್ಲೇ ಮಲಗತಾಳಂತ. ದ್ಯಾಮಣ್ಣ ಫೋನ್ ಹಚ್ಚಿ ಹೇಳಿದಾ.”

“ಯವ್ವಾ, ಸಾಕ ಬಿಡಽ,” ಎಂದು ಒಳಗಿನಿಂದ ದಾವಲಬಿ ಕೂಗಿದಳು. ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು.

ಕಳಕವ್ವ ಸುತ್ತಿಬಳಸಲಿಲ್ಲ. “ತಪ್ಪು ನಂದು ದಾವಲಿ. ನಾ ಕಲಿಸಿದ್ದ ನಿಮಗ ಮುಳ್ಳಾತು. ಆ ಮಿಷಿನ್ನಿಗೆ ಮುಚ್ಚಿದ ಕಣ್ಣು ಅಂದ್ರ ನಿದ್ದಿ. ನೀ ಕಿವಿಗೊಟ್ಟು ಕೇಳಿದ್ದು ಅದಕ್ಕ ತಿಳಿಯಂಗಿಲ್ಲ. ಇನ್ನ ಹನ್ನೆರಡು ದಿನ ನಾ ಹೇಳಿದ್ದೆಲ್ಲಾ ಮರತುಬಿಡು. ಕಣ್ಣು ತಗದ ಕೆಲಸಾ ಮಾಡು.”

“ನಾಲ್ಕು ವರ್ಷ ಕಲಿಸಿದ್ದು ಹನ್ನೆರಡು ದಿನದಾಗ ಮರೀಲೇನ್ರಿ?”

“ಮರೀಬೇಕು. ನೌಕರಿ ಸಿಕ್ಕ ಮ್ಯಾಲ ಬೇಕಾದಷ್ಟು ಕಣ್ಣು ಮುಚ್ಚು.”

ಅಲ್ಲಿಂದ ಮುಂದಿನ ದಿನಗಳು ಆ ಮನೆಯಲ್ಲಿ ವಿಚಿತ್ರವಾಗಿದ್ದವು. ದಾವಲಬಿ ಮಿಕ್ಸರಿನ ಮುಂದೆ, ಫ್ಯಾನಿನ ಕೆಳಗೆ, ಹಿಟ್ಟಿನ ಗಿರಣಿಯ ಬಾಗಿಲಲ್ಲಿ ಕಣ್ಣರಳಿಸಿ ನಿಂತು ಅಭ್ಯಾಸ ಮಾಡಿದಳು. ರೆಪ್ಪೆ ಮುಚ್ಚಿದರೆ ಮಾಬುಬಿ ಹತ್ತಿಯ ಉಂಡೆ ಎಸೆಯುತ್ತಿದ್ದಳು. ಹುಬ್ಬಳ್ಳಿಯ ಕೋಚಿಂಗ್ ಕ್ಲಾಸಿನವರ ಪಾಠಗಳನ್ನೂ ತರಿಸಿದರು. ಅವರದು ಒಂದೇ ಮಂತ್ರ: ನಾಲ್ಕು ಸೆಕೆಂಡಿನೊಳಗೆ ಮೀಟರು ಕೈಯಲ್ಲಿರಬೇಕು, ಎಡದಿಂದ ಬಲಕ್ಕೆ ಎಲ್ಲ ಬಿಂದುಗಳನ್ನೂ ಮುಟ್ಟುತ್ತ ಹೋಗಬೇಕು, ಗೊತ್ತಿರಲಿ ಬಿಡಲಿ. ಹುಡುಗಿ ಚುರುಕು, ವಾರದೊಳಗೆ ಕಲಿತಳು. ಹತ್ತನೆಯ ದಿನ ಪ್ರಯೋಗಾಲಯದಲ್ಲಿ ಕಳಕವ್ವನೇ ಒಂದು ಮೋಟರು ಕೆಡಿಸಿಟ್ಟು ಪರೀಕ್ಷಿಸಿದಾಗ ಎಲ್ಲ ಮಂತ್ರದಂತೆಯೇ ನಡೆಯಿತು.

“ಶಾಭಾಸ್. ಅರವತ್ತೇನು, ಎಪ್ಪತ್ತು ಬರ್ತೈತಿ ನಿನಗ.”

ದಾವಲಬಿಗೆ ಸಂತೋಷವಾದಂತೆ ಕಾಣಲಿಲ್ಲ. ಮೀಟರನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟಳು. “ಅಕ್ಕೋರ, ಈಗ ನನಗ ಮೀಟರ್ ಕಾಣ್ತೈತಿ, ಖರೇ. ಮೋಟರ್ ಕೇಳಂಗಿಲ್ಲ.”

ಕಳಕವ್ವ ಆ ರಾತ್ರಿ ಊಟ ಬಿಟ್ಟಳು.

ಪರೀಕ್ಷೆಯ ದಿನ ಕೇಂದ್ರದ ನಿಯಂತ್ರಣ ಕೊಠಡಿಗೆ ರಾಜಧಾನಿಯಿಂದ ಒಬ್ಬ ವಿಜ್ಞಾನಿ ಬಂದಿದ್ದ. ಹೆಸರು ಇಂದ್ರನೀಲ. ಮೂವತ್ತರ ಆಸುಪಾಸು, ಜಾಡುಗನ್ನಡಿಯನ್ನು ಕಟ್ಟಿದ ತಂಡದವನು, ವರ್ಷಕ್ಕೊಮ್ಮೆ ಕೇಂದ್ರಗಳ ಯಂತ್ರಗಳನ್ನು ತಪಾಸಣೆ ಮಾಡಿ ಹೋಗುವವನು. ದ್ಯಾಮಣ್ಣನ ಕೃಪೆಯಿಂದ ಕಳಕವ್ವನಿಗೂ ಆ ಕೊಠಡಿಯಲ್ಲೊಂದು ಕುರ್ಚಿ ಸಿಕ್ಕಿತು. ಗಾಜಿನಾಚೆ ಪರೀಕ್ಷೆಯ ಹಾಲ್, ಎಂಟು ಮೋಟರುಗಳು, ಎಂಟು ಜನ ಅಭ್ಯರ್ಥಿಗಳು.

“ನೀವು ಬೋಧಕರಾ ಮೇಡಂ? ತುಂಬಾ ಸಂತೋಷ,” ಎಂದ ಇಂದ್ರನೀಲ. ಅವನ ವಿನಯದಲ್ಲಿ ಕಪಟವಿರಲಿಲ್ಲ. “ಈ ಯಂತ್ರ ಮಾಡುವಾಗ ನಮ್ಮ ಮನಸ್ಸಲ್ಲಿ ಇದ್ದದ್ದೇ ನಿಮ್ಮಂಥ ಕಾಲೇಜುಗಳು. ಕಾಲೇಜಿನ ಹೆಸರನ್ನೇ ಅಳಿಸಿಬಿಟ್ವಿ ನೋಡಿ.”

“ಹೆಸರು ಅಳಿಸೀರಿ ಸರ. ಆದರ ನೀವು ಅಳತಿ ಇಟ್ಟಿದ್ದು ಯಾರ ಮ್ಯಾಲ?”

“ಮಾದರಿ ಗುಂಪು ಅಂತ ಆರುನೂರು ಜನ ಇದ್ರು. ಅತ್ಯುತ್ತಮರೇ ಬೇಕಲ್ಲ, ಎಲ್ಲಾ ಪೀಠದವರು.”

“ಅವರೊಳಗ ಕಣ್ಣು ಮುಚ್ಚಿದವರು ಒಬ್ಬರೂ ಇರಲಿಲ್ಲೇನ್ರಿ?”

ಇಂದ್ರನೀಲನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಯಾಕೆ ಮುಚ್ಚಬೇಕು ಮೇಡಂ? ಪ್ರತಿಯೊಬ್ಬರ ಮೇಜಿನ ಮೇಲೂ ನಾಲ್ಕು ಮೀಟರ್ ಇರುತ್ತಲ್ಲ.”

ಕಳಕವ್ವ ಏನೋ ಹೇಳಹೊರಟಳು. ಅಷ್ಟರಲ್ಲಿ ಹಾಲ್‌ನಲ್ಲಿ ಹಸಿರು ದೀಪ ಹತ್ತಿತು.

ಮೂರನೆಯ ಮೋಟರಿನ ಮುಂದೆ ದಾವಲಬಿ. ನಾಲ್ಕು ಸೆಕೆಂಡಿಗೆ ಸರಿಯಾಗಿ ಮೀಟರು ಕೈಗೆ ಬಂತು. ಎಡದಿಂದ ಬಲಕ್ಕೆ ಹೊರಟಳು. ಪರದೆಯ ಮೇಲೆ ಅವಳ ಅಂಕದ ಗೆರೆ ಮೇಲೇರತೊಡಗಿತು: ನಲವತ್ತು, ಐವತ್ತೆರಡು, ಅರವತ್ತಾರು. ಕಳಕವ್ವ ಸೆರಗಿನ ತುದಿಯನ್ನು ಹಿಂಡುತ್ತ ಕೂತಿದ್ದಳು. ಇವತ್ತಿನ ರೋಗ ಪ್ಯಾನೆಲಿನ ಮೂರನೆಯ ಎಳೆಯಲ್ಲಿದೆಯೆಂದು ಪರದೆಯ ಮೂಲೆಯಲ್ಲೇ ಬರೆದಿತ್ತು. ದಾವಲಬಿ ಅದರಿಂದ ಒಂದು ಗೇಣು ದೂರದಲ್ಲಿದ್ದಳು. ಇನ್ನೊಂದು ಬಿಂದು ಮುಟ್ಟಿದರೆ ಮುಗಿಯಿತು, ನೌಕರಿ.

ಅವಳು ನಿಂತುಬಿಟ್ಟಳು. ತಲೆ ತುಸು ಓರೆಯಾಯಿತು. ಮೀಟರನ್ನು ಕೆಳಗಿಟ್ಟಳು.

“ಮುಟ್ಟ ಹುಡುಗಿ, ಮುಟ್ಟ,” ಕಳಕವ್ವ ಗಾಜಿಗೆ ಹಣೆ ಹಚ್ಚಿ ಪಿಸುಗುಟ್ಟಿದಳು.

ದಾವಲಬಿ ಮೋಟರಿನ ಬದಿಗೆ ಬಾಗಿ, ಮೊಣಕೈ ಊರಿ, ಅಂಗೈ ಕಿವಿಗೊತ್ತಿ ಕಣ್ಣು ಮುಚ್ಚಿದಳು. ಗೆರೆ ಕೆಳಗಿಳಿಯತೊಡಗಿತು. ಐವತ್ತು. ನಲವತ್ತನಾಲ್ಕು. ಪರದೆಯ ಮೇಲೆ ‘ಗಮನ ಶೂನ್ಯ’ ಎಂದು ಮಿನುಗಿತು. ಇಪ್ಪತ್ತು ಸೆಕೆಂಡಿನ ಮೇಲೆ ಕಣ್ಣು ತೆರೆದವಳು ಅತ್ತಿತ್ತ ನೋಡದೆ ಗೋಡೆಯ ಕೆಂಪು ಗುಂಡಿಯನ್ನು ಒತ್ತಿದಳು. ಮೋಟರು ನರಳಿ ನಿಂತಿತು.

‘ಅಭ್ಯರ್ಥಿ ಪರೀಕ್ಷೆ ತ್ಯಜಿಸಿದ್ದಾರೆ. ಅಂಕ: ಸೊನ್ನೆ.’

ದ್ಯಾಮಣ್ಣ ನೀರಿನ ಲೋಟ ಹಿಡಿದು ಓಡಿದ. ಅವಳು ಅಳುತ್ತಿರಲಿಲ್ಲ. ಎದುರಿಗೆ ಬಂದ ಇಂದ್ರನೀಲನಿಗೆ ಒಂದೇ ಉಸಿರಿಗೆ ಹೇಳಿದಳು: “ಪ್ಯಾನೆಲಿನಾಗ ಮೂರನೇ ಎಳಿ ಸೊರಗೇತ್ರಿ, ಅದು ನೀವು ಬೇಕಂತ ಕೆಡಿಸಿದ್ದು. ಆದರ ಹಿಂದಿನ ಬೇರಿಂಗ್ ಖರೇನ ಹೋಗೇತಿ. ಅರ್ಧ ತಾಸು ತಡಿಯಂಗಿಲ್ಲ. ಬಾಜೂದಾಗ ಆ ತಮ್ಮ ನಿಂತಾನ, ಶಾಫ್ಟ್ ಕಿತ್ತು ಬಂದ್ರ ಆತನ ಕಾಲಿಗೇ ಬೀಳ್ತೈತಿ.”

“ಮೋಟರಿನಲ್ಲಿ ಸಂವೇದಕ ಇದೆಯಮ್ಮ, ಬೇರಿಂಗ್ ಬಿಸಿಯಾದ್ರೆ ನಮಗೆ ತಿಳಿಯುತ್ತೆ.”

“ಬಿಸಿ ಆಮ್ಯಾಲ ಬರ್ತೈತ್ರಿ. ಮೊದಲ ಬರೂದು ಸಪ್ಪಳ.”

ಇಂದ್ರನೀಲ ಹಿಂದೆಯೇ ಬಂದು ನಿಂತಿದ್ದ ಕಳಕವ್ವನ ಕಡೆ ನೋಡಿದ. ಅವಳು ಹಾಲ್‌ನ ಮೂಲೆಯಲ್ಲಿದ್ದ ಸ್ಪ್ಯಾನರ್ ಪೆಟ್ಟಿಗೆಯನ್ನು ತಂದು ಅವನ ಕಾಲ ಬಳಿ ಇಟ್ಟಳು. “ಬಿಚ್ಚೂನ್ರಿ. ಬೇರಿಂಗ್ ಚೊಲೋ ಇದ್ರ ನಾವಿಬ್ರೂ ಸುಮ್ಮನ ಮನಿಗೆ ಹೋಗ್ತೀವಿ.”

ಹಿಂದಿನ ಮುಚ್ಚಳ ತೆಗೆಯಲು ಕಾಲು ಗಂಟೆ ಹಿಡಿಯಿತು. ಒಳಗಿನ ಗ್ರೀಸು ಡಾಂಬರಿನಂತೆ ಕಪ್ಪಾಗಿತ್ತು. ಗುಂಡುಗಳನ್ನು ಹಿಡಿದಿಟ್ಟಿದ್ದ ಹಿತ್ತಾಳೆಯ ಬಳೆ ಎರಡು ಕಡೆ ಮುರಿದು, ಒಂದು ಗುಂಡು ಸಿಪ್ಪೆ ಸುಲಿದಿತ್ತು. ದಿನಕ್ಕೆ ನಲವತ್ತು ಪರೀಕ್ಷೆಗೆ ಓಡಿ ಸೋತ ಮೋಟರು ಅದು. ಇಂದ್ರನೀಲ ಆ ಗುಂಡನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ. ಅವನ ಬಿಳಿ ಅಂಗಿಯ ತೋಳಿಗೆ ಗ್ರೀಸು ಬಳಿದುಕೊಂಡಿತ್ತು, ಅದರ ಕಡೆ ಅವನಿಗೆ ಲಕ್ಷ್ಯವಿರಲಿಲ್ಲ.

“ಕೇಂದ್ರದ ಮೋಟರೇ ಕೆಟ್ಟಿತ್ತು ಅಂತ ಬರೀತೀನಿ,” ಎಂದ ಕೊನೆಗೆ. “ಈ ಪ್ರಯತ್ನ ಲೆಕ್ಕಕ್ಕೆ ಬರೋದಿಲ್ಲ. ಇನ್ನೊಂದು ಸಲ ಕೂರಬಹುದು.”

ದಾವಲಬಿಯ ಮುಖ ಅರಳಿತು. ಕಳಕವ್ವನದು ಅರಳಲಿಲ್ಲ. “ಇನ್ನೊಂದು ಸಲ ಕುಂತರೂ ಆಕಿ ಕಣ್ಣು ಮುಚ್ಚತಾಳ್ರಿ. ಈಗ ನೋಡಿದ್ರೆಲ್ಲ, ಬಿಡಂಗಿಲ್ಲಾಕಿ. ನಿಮ್ಮ ಮಿಷಿನ್ ಮತ್ತ ನಿದ್ದಿ ಅಂತೈತಿ. ಎಂಟು ವರ್ಷ ನಮ್ಮ ಹುಡುಗರು ಕಣ್ಣು ಮುಚ್ಚ್ಯಾರ. ಅದನ್ನೆಲ್ಲಾ ಒಗದೀರೋ, ಇಟ್ಟೀರೋ?”

“ಒಗೆಯೋದಾ? ಇಲ್ಲ, ಎಲ್ಲಾ ದಾಖಲೆ ಇರುತ್ತೆ. ಅಂಕ ಕೊಡೋವಾಗ ಆ ಭಾಗ ಬಿಟ್ಟು…” ಎಂದವನು ಅಲ್ಲೇ ತಡೆದ. ಬಿಟ್ಟ ಭಾಗವನ್ನು ಯಾರೂ ತೆರೆದು ನೋಡಿರಲಿಲ್ಲ, ಅವನೂ ನೋಡಿರಲಿಲ್ಲ. ಖಾಲಿ ಎಂದ ಮೇಲೆ ನೋಡುವುದೇನು?

ನಿಯಂತ್ರಣ ಕೊಠಡಿಗೆ ಹಿಂದಿರುಗಿ ಅವನು ಯಂತ್ರಕ್ಕೆ ಒಂದೇ ಪ್ರಶ್ನೆ ಹಾಕಿದ: ಹೀಗೆ ಕಣ್ಣು ಮುಚ್ಚಿ ತೆರೆದವರು, ತೆರೆದ ಕೂಡಲೇ ಮೀಟರನ್ನು ಎಲ್ಲಿ ಇಟ್ಟರು? ಉತ್ತರ ಬರುವವರೆಗೆ ದ್ಯಾಮಣ್ಣ ಎಲ್ಲರಿಗೂ ಚಹಾ ತಂದ. ದಾವಲಬಿ ಕೂಡ ಸುಮ್ಮನಿದ್ದಳೆಂದರೆ ಉಳಿದವರ ಅವಸ್ಥೆ ಊಹಿಸಿಕೊಳ್ಳಿ.

ಪರದೆ ತುಂಬ ಚುಕ್ಕೆಗಳು ಮೂಡಿದವು. ಕಳಕವ್ವನ ಕಾಲೇಜಿನವರು ಮಾತ್ರವಲ್ಲ. ಬೀದರಿನ, ಚಾಮರಾಜನಗರದ, ಕೋಲಾರದ ಮಕ್ಕಳೂ ಇದ್ದರು. ಅವರಿಗೂ ಮೀಟರುಗಳು ಕಡಿಮೆಯಿದ್ದವೇನೋ, ಅವರಿಗೂ ಒಬ್ಬೊಬ್ಬ ಕಳಕವ್ವ ಇದ್ದಳೇನೋ. ಕಣ್ಣು ಮುಚ್ಚಿದವರಲ್ಲಿ ಹತ್ತಕ್ಕೆ ಏಳು ಮಂದಿ ಮೊದಲ ಸಲಕ್ಕೇ ಸರಿಯಾದ ಜಾಗ ಮುಟ್ಟಿದ್ದರು. ಪೀಠದವರು ಅಲ್ಲಿಗೆ ತಲಪಲು ಹನ್ನೊಂದು ಜಾಗ ಮುಟ್ಟಿದ್ದರು. ಆ ಹನ್ನೊಂದಕ್ಕೂ ಯಂತ್ರ ಅಂಕ ಕೊಟ್ಟಿತ್ತು.

“ಇವರು ಉತ್ತರ ಗೊತ್ತಾದ ಮೇಲೆ ಕಣ್ಣು ತೆರೆದಿದ್ದಾರೆ,” ಎಂದ ಇಂದ್ರನೀಲ, ತನಗೆ ತಾನೇ ಹೇಳಿಕೊಳ್ಳುವಂತೆ. “ನಾವು ಆಮೇಲಿನದನ್ನು ಮಾತ್ರ ಅಳೆದಿದ್ದೀವಿ.”

“ನೀವು ಕೆಟ್ಟವರಲ್ರಿ,” ಎಂದಳು ಕಳಕವ್ವ. “ನಿಮಗ ಮೀಟರ್ ಕಡಿಮಿ ಬಿದ್ದಿಲ್ಲ, ಅಷ್ಟ.”

ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಹಳೆಯ ಅಂಕಗಳನ್ನು ತಿದ್ದುವ ಅಧಿಕಾರ ಅವನಿಗಿರಲಿಲ್ಲ, ಅದು ಮಂಡಳಿಯ ಕೈಯಲ್ಲಿತ್ತು. ಆದರೆ ಅಳತೆಗೋಲೇ ಸಂಶಯದಲ್ಲಿದೆ ಎಂದು ಬರೆದು ಪರೀಕ್ಷೆ ನಿಲ್ಲಿಸುವ ಅಧಿಕಾರವಿತ್ತು. ಬರೆದ, ಕೆಳಗೆ ತನ್ನ ಹೆಸರು ಹಾಕಿದ. ಆಮೇಲೆ ಹೊಸ ಮಾದರಿ ಗುಂಪಿನ ನಮೂನೆ ತೆರೆದ. “ಮೊದಲ ಹೆಸರು ನಿಮ್ಮದೇ ಇರಲಿ ಮೇಡಂ. ಪದವಿ?”

“ಐಟಿಐ.”

ಪರದೆ ಅದನ್ನು ಒಪ್ಪಲಿಲ್ಲ. ‘ಕನಿಷ್ಠ ಅರ್ಹತೆ: ಎಂಜಿನಿಯರಿಂಗ್ ಪದವಿ’ ಎಂದು ಕೆಂಪಕ್ಷರ ಬಂತು.

ಕಳಕವ್ವ ಜೋರಾಗಿ ನಕ್ಕುಬಿಟ್ಟಳು. “ನೋಡ್ರಿ ಸರ, ಇಲ್ಲೂ ನಾ ಹೊರಗ! ಬಿಡ್ರಿ, ದಾವಲಬಿ ಹೆಸರು ಹಾಕ್ರಿ, ಆಕಿ ಪದವೀಧರಳು.”

ಇಂದ್ರನೀಲ ಕೆಂಪಕ್ಷರಗಳನ್ನೇ ನೋಡುತ್ತ ಕೂತಿದ್ದ. “ಈ ಖಾನೆ ಹಾಕಿದವನು ನಾನೇ ಮೇಡಂ. ಪೀಠದಲ್ಲಿ ಓದು ಮುಗಿಸಿ ಹೊರಗೆ ಬಂದ ವರ್ಷ,” ಎಂದು ಹೇಳಿ ಖಾನೆಯನ್ನೇ ಅಳಿಸಿದ.

ಹೊಸ ಅಳತೆಗೋಲು ಸಿದ್ಧವಾಗಲು ಆರು ತಿಂಗಳು ಹಿಡಿಯಿತು. ಮಂಡಳಿಯಲ್ಲಿ ವಿರೋಧಿಸಿದವರಿದ್ದರು, ಅಂಕದ ಮಟ್ಟ ಇಳಿಸುತ್ತಿದ್ದಾರೆಂದು ಪತ್ರಿಕೆಗಳಿಗೆ ಬರೆದವರೂ ಇದ್ದರು. ಹಾಗೆ ಬರೆದವರಲ್ಲಿ ಇಬ್ಬರನ್ನು ಇಂದ್ರನೀಲ ಕಳಕವ್ವನ ಪ್ರಯೋಗಾಲಯಕ್ಕೆ ಕರೆತಂದು ಮೀಟರಿನ ಸಾಲಿನಲ್ಲಿ ನಿಲ್ಲಿಸಿದ ಮೇಲೆ ಅವರು ಸ್ವಲ್ಪ ಮೆತ್ತಗಾದರಂತೆ. ಹೊಸ ಅಳತೆಯಲ್ಲಿ ಎಲ್ಲರೂ ಗೆದ್ದರೆನ್ನುವುದು ಸುಳ್ಳು. ಕಳಕವ್ವನ ಇಬ್ಬರು ಶಿಷ್ಯರಿಗೆ ಮೊದಲಿಗಿಂತ ಕಡಿಮೆ ಬಂತು. ಅವರು ನಿಜವಾಗಿಯೂ ತೂಕಡಿಸಿದ್ದರೆಂದು ಹೊಸ ಯಂತ್ರ ಕಂಡುಹಿಡಿದಿತ್ತು. ಹಳೆಯ ಅಭ್ಯರ್ಥಿಗಳಿಗೆಲ್ಲ ಇನ್ನೊಂದು ಅವಕಾಶ ಸಿಕ್ಕಿತು. ದಾವಲಬಿಗೆ ಎಪ್ಪತ್ತನಾಲ್ಕು ಬಂತು.

ಪಂಪ್‌ಹೌಸಿನಲ್ಲಿ ಅವಳ ಮೊದಲ ಪಾಳಿಯ ದಿನ ಕಳಕವ್ವ ಬೆಳಗ್ಗೆಯೇ ಮಾಬುಬಿಯ ಮನೆಗೆ ಬಂದಿದ್ದಳು. ಫೋನು ಇಬ್ಬರ ನಡುವೆ ಗಾದಿಯ ಮೇಲಿತ್ತು. ಅದರಿಂದ ದೊಡ್ಡ ಪಂಪುಗಳ ಮೊರೆತವೂ ದಾವಲಬಿಯ ದನಿಯೂ ಒಟ್ಟಿಗೇ ಕೇಳುತ್ತಿದ್ದವು.

“ಅಕ್ಕೋರ, ಇಲ್ಲಿ ಮೀಟರ್ ಗೋಡಿ ತುಂಬ ಅದಾವ್ರಿ! ಯಾರ ಪಾಳೇನೂ ಕಾಯೂದ ಬ್ಯಾಡ. ನಮ್ಮ ಸಾಹೇಬ್ರು ಪೀಠದವರು, ಚೊಲೋ ಮನಷ್ಯಾರು. ಎರಡನೇ ಪಂಪ್ ಯಾಕೋ ಕೆಮ್ಮಾಕ್ಹತ್ತೇತಿ ಅಂದೆ. ಮೀಟರ್ ಸರಿ ತೋರಸ್ತೈತಲ್ಲ ಅಂದ್ರು. ಮೊಣಕೈ ಊರಿ ಕೇಳ್ರಿ ಅಂದೆ.”

“ಕೇಳಿದ್ರೇನು?”

“ಕೇಳಾಕ್ಹತ್ಯಾರ್ರಿ. ಅದನ್ನ ನಿಲ್ಲಿಸಿ, ನಾಲ್ಕನೇದು ಚಾಲೂ ಮಾಡೇವಿ. ಊರಿಗೆ ಎಂಟಕ್ಕ ನೀರ ಬಿಡಬೇಕಲ್ಲ.”

“ಈಗ ಎಂಟು ಹೊಡದ ಹತ್ತು ನಿಮಿಷ ಆತು,” ಎಂದು ಮಾಬುಬಿ ಫೋನಿಗೆ ಬಾಯಿ ಹಚ್ಚಿ ಗದರಿದಳು. “ಓಣಿ ಮಂದಿ ಎಲ್ಲಾ ಕೊಡ ಹಿಡಕೊಂಡು ನಿಂತಾರ. ನದಾಫರ ಹುಡುಗಿ ಮೊದಲ ದಿನಾನ ಕೈ ಕೊಟ್ಟಳು ಅಂತಾರ!”

“ಹೊಳಿಯಿಂದ ಊರಿಗೆ ಬರಬೇಕಲ್ಲ ಯವ್ವಾ, ನೀರಿಗೇನ ರೆಕ್ಕಿ ಅದಾವೇನು? ಇಡು ಫೋನು, ಕೆಲಸೈತಿ.”

ಫೋನು ಸುಮ್ಮನಾಯಿತು. ಮಾಬುಬಿ ಗೊಣಗುತ್ತ ಗಾದಿಯ ಅಂಚು ಹೊಲಿಯಲು ಕೂತಳು, ದಾರ ಎರಡು ಸಲ ಸೂಜಿ ತಪ್ಪಿತು. ಬಾಗಿಲಾಚೆಯ ನಲ್ಲಿ ಒಮ್ಮೆ ಸೀನಿತು. ಬರೀ ಗಾಳಿ. ಆಮೇಲೆ ಕೆಂಪು ನೀರು ನಾಲ್ಕು ಹನಿ ಉಗುಳಿ, ಗಂಟಲು ಸರಿಮಾಡಿಕೊಂಡು, ಕೊಡದ ತಳಕ್ಕೆ ಸಪ್ಪಳ ಮಾಡುತ್ತ ತಿಳಿನೀರು ಬೀಳತೊಡಗಿತು.